ಬಿಳಿ ಹೋರಿಯ ಬೆನ್ನಿನ ಹೊಲಿಗೆ

ನಮ್ಮ ವೈನಿಯ ಕೈಯನ್ನು ಹೊಗಳದವರು ಜೇವರ್ಗಿ ಸೀಮೆಯಲ್ಲೇ ಇಲ್ಲ. ಇದ್ದರೆ ಅದು ನಾನೊಬ್ಬಳೇ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನನಗೀಗ ಐವತ್ತು ದಾಟಿದೆ. ಆಳಂದದಲ್ಲಿ ಶಾಲೆಯ ಶಿಕ್ಷಕಿ. ಹೊಟ್ಟೆಕಿಚ್ಚು ಪಡಬಾರದು ಎಂದು ಮಕ್ಕಳಿಗೆ ಗಟ್ಟಿ ದನಿಯಲ್ಲಿ ಪಾಠ ಹೇಳುತ್ತೇನೆ. ಮನೆಗೆ ಬಂದ ಮೇಲೆ ಆ ಹೆಂಗಸಿನ ಫೋನ್ ಬಂದರೆ ಮಾತ್ರ ನನ್ನ ಹೊಟ್ಟೆಯಲ್ಲಿ ಇಂದಿಗೂ ಕೆಂಡ. ಸುಳ್ಳು ಯಾಕೆ ಹೇಳಲಿ?

ಜೇವರ್ಗಿ ಊರು ಬಿಟ್ಟು ಸ್ವಲ್ಪ ಮುಂದೆ ರಸ್ತೆಯ ಬದಿಗೆ ನಮ್ಮದೊಂದು ಚಹಾದ ಅಂಗಡಿ ಇತ್ತು. ಅಂಗಡಿಯ ಬೆನ್ನಿಗೆ ಒಂದು ತಗಡಿನ ಶೆಡ್ಡು. ಅದರೊಳಗೆ ಸತ್ತ ಪ್ರಾಣಿಗಳು ಜೀವ ಇದ್ದಂತೆ ನಿಂತಿದ್ದವು. ಒಂದು ಚಿರತೆ, ನಾವು ಚಿಗರಿ ಎನ್ನುವ ಎರಡು ಕೃಷ್ಣಮೃಗ, ಒಂದು ತೋಳ, ಭೀಮಾ ನದಿಯ ಒಂದು ಮೊಸಳೆ, ರೆಕ್ಕೆ ಬಿಚ್ಚಿದ ಒಂದು ಹದ್ದು. ಇವೆಲ್ಲ ಅಜ್ಜನ ಕಾಲದವು. ನಿಜಾಮರ ಆಳ್ವಿಕೆಯಲ್ಲಿ ಶಿಕಾರಿಗೆ ಬರುತ್ತಿದ್ದ ಸಾಹೇಬರ ಹಿಂದೆ ಅಜ್ಜ ಚರ್ಮ ಸುಲಿಯಲು ಹೋಗುತ್ತಿದ್ದನಂತೆ. ಸುಲಿಯುವುದು ನಮ್ಮ ಮನೆತನದ ಕಸುಬು. ಹೊಟ್ಟು ತುಂಬಿ ನಿಲ್ಲಿಸುವುದನ್ನು ಅವನು ಹೈದರಾಬಾದಿನಿಂದ ಬಂದ ಒಬ್ಬ ಕಾರೀಗರನ ಕೈಕೆಳಗೆ ಕಲಿತ. ಸಾಹೇಬರು ಒಯ್ಯದೆ ಬಿಟ್ಟುಹೋದವೆಲ್ಲ ನಮ್ಮ ಪಾಲಿಗೆ ಉಳಿದವು. ಅಪ್ಪ ಅವನ್ನೆಲ್ಲ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿ, ರಸ್ತೆಗೆ ಕಾಣುವ ಹಾಗೆ ಒಂದು ತಗಡಿನ ಮೇಲೆ ‘ಸತ್ತರೂ ನಿಂತಾವ, ಬಂದು ನೋಡ್ರಿ’ ಎಂದು ಬರೆಸಿದ್ದ. ಬಸ್ಸು, ಲಾರಿ, ಮದುವೆಯ ಟ್ರ್ಯಾಕ್ಟರು ಎಲ್ಲವೂ ಅಲ್ಲಿ ನಿಲ್ಲುತ್ತಿದ್ದವು.

ಚಹಾ ತೆಗೆದುಕೊಂಡವರಿಗೆ ಮಾತ್ರ ಶೆಡ್ಡಿನ ಬಾಗಿಲು ತೆರೆಯುವುದು ಎಂಬುದು ಅಪ್ಪನ ಕಾನೂನು. ನಮ್ಮ ಕೈಯ ಚಹಾ ಕುಡಿಯದ ಮಂದಿ ಆಗ ಬಹಳ ಇದ್ದರು. ಅವರೂ ಚಹಾ ಹೇಳುತ್ತಿದ್ದರು. ಹೇಳಿ, ಕಪ್ಪನ್ನು ಮುಟ್ಟದೆ ಬೆಂಚಿನ ಮೇಲೆ ಬಿಟ್ಟು, ಒಳಗೆ ಹೋಗಿ ಚಿರತೆ ನೋಡಿ, ಹಾಗೇ ಬಸ್ಸು ಹತ್ತುತ್ತಿದ್ದರು. ಸಂಜೆಯ ಹೊತ್ತಿಗೆ ಬೆಂಚಿನ ತುಂಬ ಕೆನೆಗಟ್ಟಿದ ತಣ್ಣನೆಯ ಚಹಾ. ಅಪ್ಪ ಅದನ್ನು ಚೆಲ್ಲಿ ಕಪ್ಪು ತೊಳೆಯುತ್ತಿದ್ದ. ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು, ಅದರ ಗಾಜನ್ನು ಒರೆಸಿ ಅಂಗಡಿ ಮುಚ್ಚುತ್ತಿದ್ದ.

ಸಣ್ಣವಳಿದ್ದಾಗಿನಿಂದ ನನಗಿದ್ದ ಆಸೆ ಒಂದೇ. ಅಪ್ಪನ ಡಬ್ಬಣ, ಅಂದರೆ ಚರ್ಮ ಹೊಲಿಯುವ ಆ ದಪ್ಪ ಸೂಜಿ, ನನ್ನ ಕೈಗೆ ಬರಬೇಕು. ಶಿಕಾರಿಯೆಲ್ಲ ನಿಂತು ಎಷ್ಟೋ ಕಾಲವಾಗಿದ್ದರೂ ಅಪ್ಪನಿಗೆ ಕೆಲಸವಿತ್ತು. ಕಾಳಗದಲ್ಲಿ ಗೆದ್ದ ಟಗರು ಸತ್ತರೆ ತರುತ್ತಿದ್ದರು, ಸಾಕಿದ ನಾಯಿ ಸತ್ತರೆ ತರುತ್ತಿದ್ದರು. ಚರ್ಮ ಹದ ಮಾಡಲು ತಂಗಡಿ ತೊಗಟೆ ನೆನೆಹಾಕುವವಳು ನಾನು. ಪಟಿಕ ಕುಟ್ಟಿ ಪುಡಿ ಮಾಡುವವಳು ನಾನು. ಕಣ್ಣಿಗೆ ಯಾವ ಗಾಜಿನ ಗೋಲಿ ಹೊಂದುತ್ತದೆ ಎಂದು ಆರಿಸಿ ಕೊಡುವವಳೂ ನಾನೇ. ನನ್ನ ಕಣ್ಣು ಚುರುಕು ಎಂದು ಅಪ್ಪನೇ ಹೇಳುತ್ತಿದ್ದ. ಆದರೆ ಹೊಲಿಗೆಯ ಹೊತ್ತು ಬಂತೆಂದರೆ, "ನೀ ಹೋಗಿ ಓದ್ಕೋ ಹೋಗು" ಎಂದು ಕದ ಹಾಕಿಕೊಳ್ಳುತ್ತಿದ್ದ.

"ಯಾಕಪ್ಪಾ? ನಾ ಏನ್ ಕಡಿಮಿ ಇದ್ದೇನಿ?" ಎಂದು ಒಮ್ಮೆ ಜಗಳಕ್ಕೇ ನಿಂತೆ.

"ಕಡಿಮಿ ಅಲ್ಲವ್ವಾ. ನೀ ನಾಳೆ ಕೊಟ್ಟ ಮನಿಗೆ ಹೋಗಾಕಿ. ಕಸುಬು ಈ ಮನಿಯಾಗ ಉಳೀಬೇಕು. ನಮ್ಮ ಮಂದ್ಯಾಗ ಕೈ ಕಲಿಸೂದು ಮಗಳಿಗಲ್ಲ, ಸೊಸಿಗೆ."

ಹೌದು, ನಮ್ಮಲ್ಲಿ ಅದೇ ರೂಢಿ. ಅಜ್ಜನೂ ಹೊಲಿಗೆಯ ಗುಟ್ಟನ್ನು ತನ್ನ ಮಗಳಿಗೆ ತೋರಿಸದೆ ನಮ್ಮ ಅವ್ವನಿಗೆ ತೋರಿಸಿದ್ದ. ಅವ್ವ ನಾನು ಹತ್ತು ವರ್ಷದವಳಿದ್ದಾಗ ತೀರಿಕೊಂಡಳು. ಅಣ್ಣ ಲಾರಿ ಓಡಿಸುವವನು, ಚರ್ಮದ ವಾಸನೆಗೆ ವಾಂತಿ ಮಾಡಿಕೊಳ್ಳುತ್ತಿದ್ದ. ಹಾಗಾಗಿ ಅಪ್ಪ ಸೊಸೆಯ ದಾರಿ ಕಾಯುತ್ತಿದ್ದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ನನ್ನನ್ನು ಕೊಡುವ ಮೊದಲೇ ಹೊರಗೆ ಹಾಕಿದ್ದರು.

ನಾನು ಪಿಯುಸಿಯಲ್ಲಿದ್ದಾಗ ಅಫಜಲಪುರ ತಾಲೂಕಿನ ಕರಜಗಿಯಿಂದ ವೈನಿ ಬಂದಳು. ನನಗಿಂತ ಎರಡೇ ವರ್ಷ ದೊಡ್ಡವಳು. ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ತವರಿನಿಂದ, ಹಳೆ ಸೀರೆಗಳನ್ನು ಕೂಡಿಸಿ ತಾನೇ ಹೊಲಿದ ಒಂದು ಕೌದಿ ತಂದಿದ್ದಳು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಒಂದು ಕಾಳು ಅಕ್ಕಿಯಷ್ಟು ಉದ್ದ ಒಂದೊಂದು ಹೊಲಿಗೆ, ಎಲ್ಲವೂ ಒಂದೇ ಅಳತೆ.

"ಕೈ ಅಂದ್ರ ಇದು ನೋಡವ್ವಾ ಕೈ!" ಎಂದ.

ಹದಿನೇಳು ವರ್ಷ ನಾನು ಕಿವಿ ತೆರೆದು ಕಾದಿದ್ದ ಮಾತು ಅದು. ಬಂದು ನಾಲ್ಕು ದಿನ ಆಗದವಳಿಗೆ ಅಂದುಬಿಟ್ಟ. ಆ ದಿನ ನಾನು ಊಟ ಮಾಡಲಿಲ್ಲ. "ಯಾಕ ತಂಗಿ, ಆರಾಮಿಲ್ಲೇನು?" ಎಂದು ಆಕೆಯೇ ತಾಟು ಹಿಡಿದುಕೊಂಡು ಬಂದು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಈಕೆ ಒಳ್ಳೆಯವಳು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಕೊಳಕೂರದ ಒಬ್ಬ ಗೌಡ ಟ್ರ್ಯಾಕ್ಟರಿನಲ್ಲಿ ಒಂದು ಬಿಳಿ ಹೋರಿಯ ಹೆಣ ಹಾಕಿಕೊಂಡು ಬಂದ. ಹಾವು ಕಚ್ಚಿ ಸತ್ತಿತ್ತು. ಸಾದಾ ಹೋರಿಯಲ್ಲ ಅದು. ನಮ್ಮ ಕಡೆ ಕಾರಹುಣ್ಣಿಮೆಯ ದಿನ ಊರ ಅಗಸಿಗೆ, ಅಂದರೆ ಹೆಬ್ಬಾಗಿಲಿಗೆ, ಅಡ್ಡವಾಗಿ ಹಗ್ಗ ಕಟ್ಟಿ ಎತ್ತುಗಳನ್ನು ಓಡಿಸುತ್ತಾರೆ. ಅದಕ್ಕೆ ಕರಿ ಹರಿಯುವುದು ಎನ್ನುತ್ತಾರೆ. ಬಿಳಿಯದು ಮೊದಲು ಹಗ್ಗ ಹರಿದರೆ ಆ ವರ್ಷ ಬಿಳಿಜೋಳ ಚೆನ್ನಾಗಿ ಬೆಳೆಯುತ್ತದೆ, ಕಂದು ಬಣ್ಣದ್ದು ಹರಿದರೆ ಕೆಂಪು ಕಾಳು. ಗೌಡನ ಹೋರಿ ಮೂರು ವರ್ಷ ಬಿಡದೆ ಕರಿ ಹರಿದಿತ್ತು. ಮಣ್ಣು ಮಾಡಲು ಅವನಿಗೆ ಮನಸ್ಸಿಲ್ಲ.

"ಮುಂದಿನ ಕಾರಹುಣ್ಣಿಮಿಗೆ ಇದು ನನ್ನ ಬಾಗಲಾಗ ನಿಂದರಬೇಕು ನೋಡಪ್ಪಾ. ಏನ್ ಮಾಡ್ತಿ ಮಾಡು" ಎಂದ. ಕಣ್ಣಲ್ಲಿ ನೀರಿತ್ತು. ಅವ್ವ ಇದ್ದಾಗಿನಿಂದ ನಮ್ಮ ರಸ್ತೆಯಲ್ಲೇ ಓಡಾಡುವ ಮನುಷ್ಯ. ಅವನ ಚಹಾ ಆ ದಿನವೂ ಬೆಂಚಿನ ಮೇಲೆ ಆರಿಹೋಯಿತು.

ಅಷ್ಟು ದೊಡ್ಡ ಪ್ರಾಣಿಯನ್ನು ಅಪ್ಪ ಎಂದೂ ನಿಲ್ಲಿಸಿರಲಿಲ್ಲ. ಅವನ ಕೈ ಬೇರೆ ನಡುಗಲು ಸುರುವಾಗಿತ್ತು. ಸುಲಿದು, ಹದ ಮಾಡಿ, ಜಾಲಿ ಕಟ್ಟಿಗೆಯ ಹಂದರ ಕಟ್ಟಿದ ಮೇಲೆ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆದ. ಇಬ್ಬರನ್ನೂ ಕರೆದಿದ್ದಾನೆ ಎಂದರೆ ಇಬ್ಬರಿಗೂ ಕಲಿಸುತ್ತಾನೆ ಎಂದುಕೊಂಡೆ. ಅಪ್ಪ ಡಬ್ಬಣ ತೆಗೆದು ವೈನಿಯ ಅಂಗೈಯಲ್ಲಿಟ್ಟ. ನನ್ನ ಕೈಗೆ ಜರಡಿ ಕೊಟ್ಟ.

"ಹೊಲಿಗಿ ನಿಂದವ್ವಾ" ಎಂದು ಆಕೆಗೆ ಹೇಳಿದ. "ಬೇರೆ ಪ್ರಾಣಿಗೆಲ್ಲ ಹೊಟ್ಟಿ ಕೆಳಗ ಹೊಲೀತೀವಿ. ಇದಕ್ಕ ಬೆನ್ನ ಮ್ಯಾಲ. ಗೌಡ ಹ್ಯಾಂಗೂ ಮ್ಯಾಲ ಜೂಲಾದ ಬಟ್ಟಿ ಹೊಚ್ಚತಾನ, ಹೊಲಿಗಿ ಮುಚ್ಚತದ." ನನ್ನ ಕಡೆ ತಿರುಗಿ, "ನೀ ಹೊಟ್ಟು ಸಾಫ್ ಮಾಡಿ ಕೊಡಬೇ. ಮೂರು ಸಲ ಜರಡಿ ಹಿಡಿ. ಒಂದ್ ಕಾಳು ಉಳೀಬಾರ್ದು. ಉಳೀತು ಅಂದ್ರ ಹುಳ ಬಿದ್ದು ಪೂರಾ ಹಾಳಾಗ್ತದ" ಎಂದ.

ಕಾಳು ಉಳಿದರೆ ಹಾಳಾಗುತ್ತದೆ. ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನಾನು ಜೋಳದ ಹೊಟ್ಟನ್ನು ಒಂದು ಸಲವೂ ಜರಡಿ ಹಿಡಿಯಲಿಲ್ಲ. ಅಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ಒಳಗೆ ಹೋಗಿ ಗಡಿಗೆಯಿಂದ ಎರಡು ಬೊಗಸೆ ಬಿಳಿಜೋಳ ತಂದು ಚೀಲಕ್ಕೆ ಬೆರೆಸಿದೆ. ಹುಳ ಬೀಳಲಿ, ಹೊಲಿಗೆ ಬಿಚ್ಚಲಿ, ಗೌಡ ಬಂದು ಉಗಿಯಲಿ. ಆಗ ಅಪ್ಪ, ಇದು ಸೊಸೆಯ ಕೈಲಾಗದ ಕೆಲಸ, ಮಗಳೇ ಬೇಕಾಗಿತ್ತು ಎಂದು ನನ್ನ ಮುಖ ನೋಡಲಿ. ಇದೇ ನನ್ನ ಲೆಕ್ಕಾಚಾರ. ಪಾಪ ಎನ್ನಿಸಲಿಲ್ಲ. ಚೀಲದ ಬಾಯಿ ಕಟ್ಟಿ ವೈನಿಯ ಮುಂದಿಟ್ಟು, "ಮೂರು ಸಲ ಹಿಡದೇನ್ರಿ ವೈನಿ" ಎಂದೆ. "ನಿನಗ ಭಾಳ ತ್ರಾಸಾತು ತಂಗಿ" ಎಂದಳು.

ಎಂಟು ದಿನ ಹೊಲಿದಳು. ಹೊಲಿಗೆ ಎಲ್ಲಿ ಸುರುವಾಗಿದೆ, ಎಲ್ಲಿ ಮುಗಿದಿದೆ ಎಂದು ಬೆರಳಿಗೂ ಸಿಗುತ್ತಿರಲಿಲ್ಲ. ಹೋರಿ ಕೊರಳೆತ್ತಿ ನಿಂತಾಗ ನನಗೇ ಒಂದು ಹೆಜ್ಜೆ ಹಿಂದೆ ಸರಿಯಬೇಕು ಎನ್ನಿಸಿತು. ಕಣ್ಣು ಮಾತ್ರ ನಾನು ಆರಿಸಿದ್ದು. ಅದನ್ನು ಯಾರೂ ಕೇಳಲಿಲ್ಲ. ಅಪ್ಪ ಸುತ್ತ ನಾಲ್ಕು ಸಲ ತಿರುಗಿ, ಸೊಸೆಯ ತಲೆ ಮುಟ್ಟಿ, "ನಿಮ್ಮತ್ತಿ ಇದ್ದಿದ್ರ ನೋಡಿ ಖುಷಿ ಪಡತಿದ್ಲು" ಎಂದ. ಇಷ್ಟು ಹೊತ್ತು ಹೇಗೋ ತಡೆದುಕೊಂಡಿದ್ದೆ. ನನ್ನ ಅವ್ವನನ್ನೂ ಆಕೆಗೆ ಕೊಟ್ಟನಲ್ಲ ಎಂದು ಬಚ್ಚಲಿಗೆ ಹೋಗಿ ಅತ್ತೆ.

ಆಮೇಲೆ ಹೋರಿಯ ಮೇಲೆ ಗೋಣಿ ತಟ್ಟು ಹೊದಿಸಿ ಶೆಡ್ಡಿನ ಮೂಲೆಗೆ ನಿಲ್ಲಿಸಿದರು. ನಾನು ದಿನಾ ಹೋಗಿ ತಟ್ಟಿನ ಹೊರಗಿನಿಂದಲೇ ಮೂಸಿ ನೋಡುತ್ತಿದ್ದೆ. ಹುಳ ಇಲ್ಲ, ಇಲಿ ಇಲ್ಲ. ಅಷ್ಟರಲ್ಲಿ ಜೂನಿನ ಮಿರಗದ ಮಳೆ ಬಂತು. ನಾಲ್ಕೈದು ದಿನ ಹಿಡಿದು ಹೊಡೆಯಿತು. ಹೋರಿ ನಿಂತ ಜಾಗದಲ್ಲೇ ತಗಡು ಸೋರುತ್ತಿತ್ತು. ತಟ್ಟಿನ ಕೆಳಗೆ ಏನಾಗುತ್ತಿದೆ ಎಂದು ನಮಗ್ಯಾರಿಗೂ ಗೊತ್ತಾಗಲಿಲ್ಲ.

ಕಾರಹುಣ್ಣಿಮೆಯ ಮುಂಜಾನೆ ಗೌಡ ಊರಿನ ಇಪ್ಪತ್ತು ಮಂದಿಯ ಜೊತೆ ಬಂದ. ಕನ್ನಡಿ ಹಚ್ಚಿದ ಹೊಸ ಜೂಲಾ, ಕೊಂಬಿಗೆ ಗೊಂಡೆ, ಹಲಗೆ ಬಾರಿಸುವವರು, ಎಲ್ಲ ತಂದಿದ್ದ. ಅಪ್ಪ ತಟ್ಟು ಎಳೆದ.

ಹೋರಿಯ ಬೆನ್ನಿನುದ್ದಕ್ಕೂ ಜೋಳದ ಸಸಿ ನಿಂತಿತ್ತು. ಹೊಲಿಗೆಯ ಒಂದೊಂದು ತೂತಿನಿಂದ ಒಂದೊಂದು ಮೊಳಕೆ, ಕತ್ತಲಲ್ಲಿ ಬೆಳೆದದ್ದರಿಂದ ತಿಳಿ ಹಳದಿ, ಒಂದು ಗೇಣು ಎತ್ತರ. ಅಪ್ಪನ ಮುಖದಲ್ಲಿ ರಕ್ತ ಇರಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ. ಹುಳ ಬಾರದಿದ್ದರೇನು, ಕೆಟ್ಟಿತಲ್ಲ!

ವೈನಿ ಮುಂದೆ ಬಂದು ಸೆರಗು ಹಿಡಿದು ನಿಂತಳು. "ತಪ್ಪು ನಂದ್ರಿ ಮಾವಾರ. ತುಂಬಿದಾಕಿ ನಾನಾ. ಕಾಳು ಅದಾವೇನು ಅಂತ ನೋಡಿ ತುಂಬಬೇಕಾಗಿತ್ತು, ನೋಡ್ಲಿಲ್ಲ."

ನನ್ನ ಹೆಸರು ಹೇಳಬಹುದಿತ್ತು. ಜರಡಿ ಯಾರ ಕೈಯಲ್ಲಿತ್ತು ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಹೇಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಗೌಡನ ಬೈಗುಳಕ್ಕೆ ಕಾದೆ.

ಗೌಡ ತಲೆಯ ಮೇಲಿನ ರುಮಾಲು ತೆಗೆದ. ಎರಡೂ ಕೈಯಲ್ಲಿ ಹಿಡಿದು, ಹೋರಿಯ ಮುಂದೆ ಆ ಕೆಸರು ನೆಲದ ಮೇಲೆ ಉದ್ದಕ್ಕೆ ಬಿದ್ದ.

"ಬಿಳಿಜೋಳಾ ಲೇ! ನೋಡ್ರಲೇ! ಸತ್ತರೂ ಕರಿ ಹರದಾನ ನನ್ನ ಹೋರಿ!"

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯಿತು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ಹಲಗೆಯವರು ಬಾರಿಸಿದ್ದೇ ಬಾರಿಸಿದ್ದು. ಮಧ್ಯಾಹ್ನದ ಹೊತ್ತಿಗೆ ಸುತ್ತಲ ಹಳ್ಳಿಯ ಮಂದಿ ಬಂಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಬಂದರು. ತೆಂಗಿನಕಾಯಿ, ಊದಿನಕಡ್ಡಿ, ಅರಿಶಿನದ ಭಂಡಾರ. ದಸರೆಯಲ್ಲಿ ದೇವಿಯ ಘಟದ ಸುತ್ತ ಬೆಳೆಸಿದ ಸಸಿಯನ್ನು ತಲೆಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹಾಗೆ ಈ ಸಸಿಯೂ ಬೇಕು ಎಂದರು. ಯಾರು ಕೀಳಬೇಕು? ಹೊಲಿದವಳೇ ಕೀಳಲಿ ಎಂದ ಗೌಡ. ವೈನಿ ಒಂದೊಂದೇ ಸಸಿ ಕಿತ್ತು ಕೊಟ್ಟಳು. ನಮ್ಮ ಅಂಗಡಿಯ ಕಪ್ಪು ಮುಟ್ಟದ ಮಂದಿ ಎರಡೂ ಕೈ ಒಡ್ಡಿ ಆಕೆಯ ಕೈಯಿಂದ ಇಸಿದುಕೊಂಡರು, ಕಣ್ಣಿಗೆ ಒತ್ತಿಕೊಂಡರು, ರುಮಾಲಿಗೆ ಸಿಕ್ಕಿಸಿಕೊಂಡರು. ಕೊನೆಗೆ ಗೌಡ ಬಂದು ಬೆಂಚಿನ ಮೇಲೆ ಕೂತು, "ಒಂದ್ ಚಹಾ ಕೊಡಪಾ" ಎಂದ. ಅಪ್ಪ ಕೊಟ್ಟ. ಗೌಡ ಕುಡಿದು ಖಾಲಿ ಕಪ್ಪು ಕೆಳಗಿಟ್ಟ. ಅವನ ಹಿಂದೆ ಬಂದವರೂ ಕುಡಿದರು.

ಆ ಸಂಜೆ ಅಪ್ಪನಿಗೆ ಚೆಲ್ಲಲು ಚಹಾ ಇರಲಿಲ್ಲ. ಖಾಲಿ ಕಪ್ಪುಗಳನ್ನು ಮುಂದಿಟ್ಟುಕೊಂಡು ಕೂತಿದ್ದ. "ನಾವು ದೇವ್ರು ದಿಂಡ್ರು ನಂಬೂ ಮಂದಿ ಅಲ್ಲ. ಖರೇ, ಇವತ್ತಿನಂಥ ದಿನ ನನ್ನ ಜನ್ಮದಾಗ ಬಂದಿದ್ದಿಲ್ಲ. ಈಕಿ ತಂದ್ಲು ನೋಡವ್ವಾ" ಎಂದು ನನಗೇ ಹೇಳಿದ. ಆ ದಿನವನ್ನು ತಂದವಳು ನಾನು. ನನ್ನ ಎರಡು ಬೊಗಸೆ ಜೋಳ, ನನ್ನ ಹೊಟ್ಟೆಕಿಚ್ಚು ತಂದ ದಿನ ಅದು. ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ, ಆ ವರ್ಷ ಬಿಳಿಜೋಳವೂ ಆಳೆತ್ತರ ಬೆಳೆಯಿತು.

ಹೋರಿ ನಮ್ಮಲ್ಲೇ ಒಂದು ತಿಂಗಳು ನಿಲ್ಲಲಿ ಎಂದು ಗೌಡ ಬಿಟ್ಟುಹೋದ. ಪೇಪರಿನವರು ಬಂದು ಫೋಟೋ ತೆಗೆದರು. ಹೋರಿಯ ಪಕ್ಕ ವೈನಿ ನಿಂತಿದ್ದಾಳೆ. ಚಹಾದ ತಾಟು ಹಿಡಿದ ನನ್ನ ಮೊಣಕೈ ಒಂದು ತುದಿಗೆ ಬಂದಿದೆ, ಮುಖ ಬಂದಿಲ್ಲ. ಹಿಂದೆ ಚಿರತೆಯ ಮುಖ ಮಾತ್ರ ಸ್ಪಷ್ಟವಾಗಿ ಬಂದಿದೆ. ಆ ಫೋಟೋ ಹಿಡಿದುಕೊಂಡೇ ಒಂದು ವಾರಕ್ಕೆ ಅರಣ್ಯ ಇಲಾಖೆಯವರು ಬಂದರು. ಚಿರತೆಗೆ, ಚಿಗರಿಗೆ, ಮೊಸಳೆಗೆ ಕಾಗದ ಎಲ್ಲಿ ಎಂದು ಕೇಳಿದರು. ಅಜ್ಜನ ಕಾಲದ ಪ್ರಾಣಿಗೆ ಕಾಗದ ಎಲ್ಲಿಂದ ಬರಬೇಕು? ಕಾನೂನು ಹಾಗಿದೆ ಎಂದು ಸಮಾಧಾನದಿಂದಲೇ ಹೇಳಿದರು. ಅಪ್ಪ ತಾನೇ ನಿಂತು, ಕಿವಿ ಮುರಿಯದಂತೆ, ರೆಕ್ಕೆ ಮಡಚದಂತೆ ಒಂದೊಂದನ್ನೂ ಲಾರಿಗೆ ಹತ್ತಿಸಿದ. ಹೋರಿಯನ್ನು ಗೌಡ ಕೊಳಕೂರಕ್ಕೆ ಒಯ್ದ. ಖಾಲಿ ಶೆಡ್ಡಿನಲ್ಲಿ ಕಾಲಿನ ಗುರುತು ಮಾತ್ರ ಉಳಿದಿತ್ತು. ರಸ್ತೆ ಅಗಲವಾದಾಗ ಅದೂ ಹೋಯಿತು. ಈಗ ಅಲ್ಲಿ ಪೆಟ್ರೋಲ್ ಬಂಕ್ ಇದೆ. ನಮ್ಮ ಶೆಡ್ಡಿನ ಬಗ್ಗೆ ಅಲ್ಲಿ ಕೆಲಸ ಮಾಡುವವರನ್ನು ಕೇಳಿದೆ. ಅವರಿಗೆ ಏನೂ ಗೊತ್ತಿಲ್ಲ.

ನಾನು ಟಿಸಿಎಚ್ ಮುಗಿಸಿ ಆಳಂದಕ್ಕೆ ಮದುವೆಯಾಗಿ ಹೋದೆ. ಅಪ್ಪ ಮತ್ತೆ ಯಾವ ಪ್ರಾಣಿಯನ್ನೂ ನಿಲ್ಲಿಸಲಿಲ್ಲ. ಆದರೆ ಬಂದವರ ಮುಂದೆಲ್ಲ ಆ ಕಾರಹುಣ್ಣಿಮೆಯ ಕಥೆ ಹೇಳುತ್ತಿದ್ದ. ವೈನಿ ಮುಂದೆ ಬಂದು ತಪ್ಪು ಒಪ್ಪಿಕೊಂಡದ್ದು, ಗೌಡ ಬಿದ್ದದ್ದು, ಕಪ್ಪು ಖಾಲಿಯಾದದ್ದು. ಮೂವತ್ತು ವರ್ಷ ಕೇಳಿದೆ. ಪ್ರತಿ ಸಲ ಎದ್ದು ಹೊರಗೆ ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ ದೀಪಾವಳಿ ರಜೆಯಲ್ಲಿ ಹೋದಾಗ ಅಪ್ಪ ಹಾಸಿಗೆ ಹಿಡಿದಿದ್ದ. ಮಧ್ಯಾಹ್ನ, ಅಡುಗೆಮನೆಯಿಂದ ವೈನಿ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಅಪ್ಪ ಮತ್ತೆ ಅದೇ ಸುರುಮಾಡಿದ. "ಆ ದಿನ ನಿಮ್ಮ ವೈನಿ..."

"ಅಪ್ಪಾ, ಸಾಕ್ ಮಾಡು" ಎಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು. "ವೈನಿ ಅಲ್ಲ. ನಾನು. ಜರಡಿ ಹಿಡೀಲಿಲ್ಲ ನಾ. ಗಡಗಿಯಾಗಿಂದ ಎರಡು ಬೊಗಸಿ ಜೋಳ ತಂದು ಬೇಕಂತ ಹಾಕೀನಿ. ಆಕೀ ಕೆಲಸ ಕೆಡ್ಲಿ ಅಂತ ಹಾಕೀನಿ. ಆ ಬೆಳಿ ನಂದು. ಗೌಡ ಚಹಾ ಕುಡದದ್ದು ನನ್ನಿಂದ."

ಬೈಯಲಿ ಎಂದು ಕಾದೆ. ಚಿರತೆ, ಚಿಗರಿ ಎಲ್ಲ ನಿನ್ನಿಂದಲೇ ಹೋದವು ಎಂದು ಹೊಡೆದರೂ ಸರಿ, ಮಾಡಿದ್ದುಣ್ಣುತ್ತಿದ್ದೆ. ಒಟ್ಟಿನಲ್ಲಿ ಅದು ನನ್ನದು ಎಂದು ಒಮ್ಮೆ ಅಪ್ಪನ ಬಾಯಿಂದ ಬರಬೇಕಿತ್ತು.

ಅಪ್ಪ ನನ್ನ ಕಡೆ ಹೊರಳಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

"ಇನ್ನೂ ಆರಿಲ್ಲೇನವ್ವಾ ನಿನ್ನ ಹೊಟ್ಟಿ ಉರಿ? ಆವಾಗ ಆಕೀ ಡಬ್ಬಣ ಬೇಕಂದಿ. ಈಗ ಆಕೀ ತಪ್ಪೂ ಬೇಕಾತೇನು? ಆಕೀ ತಾನಾ ಎಲ್ಲಾರ ಮುಂದ ಒಪ್ಪಿಕೊಂಡಾಳ, ನಾ ಕಿವೀಲೆ ಕೇಳೀನಿ. ಹಂಗ ಸುಳ್ಳ ಹೇಳಬಾರ್ದು ಬೇ, ಮಕ್ಕಳಿಗೆ ಪಾಠ ಹೇಳಾಕಿ ನೀ."

ವೈನಿ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾನು ಆಕೆಯ ಮುಖ ನೋಡಿದೆ. ಆಕೆಯೂ ನಂಬಿರಲಿಲ್ಲ.

"ಇರ್ಲಿ ಬಿಡ್ರಿ ಮಾವಾರ" ಎಂದಳು ಮೆಲ್ಲಗೆ. "ತಂಗೀನ ಮಾಡ್ಯಾಳಂತ ಅನ್ರಿ. ನಂದೇನ್ ಹೋಗ್ತದ?"

ಅಪ್ಪ ನಕ್ಕ. "ನೋಡ್ದೇನು? ಇದಕ್ಕಂತಾರ ಮನಸ" ಎಂದು ನನಗೆ ಹೇಳಿದ. ವೈನಿ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿದಳು. ರೊಟ್ಟಿ ತೆಳ್ಳಗೆ, ದುಂಡಗೆ, ಅಂಚಿನಲ್ಲಿ ಒಂದು ಬಿರುಕೂ ಇಲ್ಲದ ಹಾಗಿತ್ತು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.